ಮಾಸ್ಕಿಗೆ ಸ್ಪಿರಿಟ್ಟೋ, ಸೋಪೋ, ಬರೀ ನೀರೋ?

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ಖಾರಪುಡಿ ಗಿರಣಿ ಶುರುವಾದರೆ ಮೂಗು ಗಂಟಲು ಉರಿಯುತ್ತವೆ. ನಮ್ಮಲ್ಲಿ ಎಲ್ಲರೂ ಎನ್95 ಮಾಸ್ಕ್ ಹಾಕುತ್ತಾರೆ. ಸಂಜೆ ಹೊತ್ತಿಗೆ ಅದು ಕೆಂಪಗಾಗಿರುತ್ತದೆ. ಒಬ್ಬರು ಸ್ಪಿರಿಟ್‌ನಲ್ಲಿ (ಅಂದರೆ ಆಲ್ಕೊಹಾಲಿನಲ್ಲಿ) ಅದ್ದುತ್ತಾರೆ, ಇನ್ನೊಬ್ಬರು ಪಾತ್ರೆ ತೊಳೆಯೋ ಲಿಕ್ವಿಡ್ ಹಾಕುತ್ತಾರೆ. ಯಾವುದು ಸರಿ ಅಂತ ಒಂದೇ ಪೆಟ್ಟಿಗೆಯ ಹೊಸ ಮಾಸ್ಕ್‌ಗಳನ್ನು ತೊಳೆದು, ಒಣಗಿಸಿ ನೋಡಿದೆ.

ಘಾಟು ನಂಬಿ ಅಳೆಯೋಕೆ ಆಗಲ್ಲ. ಖಾರಪುಡಿಯ ದಪ್ಪ ಕಣವನ್ನು ಎಂಥ ಮಾಸ್ಕಾದರೂ ಒಂದಿಷ್ಟು ತಡೆಯುತ್ತದೆ. ಅದಕ್ಕೆ ಊದಿನಕಡ್ಡಿಯ ಹೊಗೆ ಹಿಡಿದೆ. ಅದರ ಕಣಗಳು ಬಹುತೇಕ 1 ಮೈಕ್ರಾನ್‌ಗಿಂತ ಚಿಕ್ಕವು. ಪೈಪಿನ ಬಾಯಿಗೆ ಮಾಸ್ಕ್ ಇಟ್ಟು ಸುತ್ತ ಟೇಪ್ ಹಚ್ಚಿದೆ. ಆಚೆ ಹೊಗೆ, ಈಚೆ ಸಣ್ಣ ಫ್ಯಾನು, ಗಾಳಿಯಲ್ಲಿನ ಸಣ್ಣ ಕಣ ಅಳೆಯುವ ಪಿಎಂ2.5 ಮೀಟರು.

ಎಲ್ಲಕ್ಕಿಂತ ಕೆಟ್ಟದ್ದು ಸ್ಪಿರಿಟ್. ತೊಳೆಯದ ಮಾಸ್ಕಿನಲ್ಲಿ ಮೀಟರ್ ಅಲುಗಾಡಿರಲಿಲ್ಲ. ಸ್ಪಿರಿಟ್‌ನಲ್ಲಿ ಅದ್ದಿದ್ದರಲ್ಲಿ ಸರಸರ ಏರಿತು. ಮಾಸ್ಕಿನೊಳಗೆ ಕಣ ಸೋಸುವ ಪದರ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಎಳೆಗಳದ್ದು. ಎಳೆಗಳ ನಡುವಿನ ಸಂದು ಹೊಗೆಯ ಕಣಕ್ಕಿಂತ ಎಷ್ಟೋ ದೊಡ್ಡದು. ಕಣವನ್ನು ಎಳೆದು ಹಿಡಿಯುವುದು ತಯಾರಿಸುವಾಗಲೇ ಎಳೆಗಳಿಗೆ ತುಂಬಿದ ವಿದ್ಯುದಂಶ. ಸ್ಪಿರಿಟ್ ಎಳೆ ಎಳೆಗೂ ಹತ್ತಿ ಅದನ್ನು ಕಳೆದುಬಿಡುತ್ತದೆ. ಏರ್ ಫಿಲ್ಟರ್ ಪರೀಕ್ಷಿಸುವ ಐಎಸ್ಒ 16890 ಮಾನದಂಡದಲ್ಲೂ ಈ ವಿದ್ಯುದಂಶ ತೆಗೆಯೋಕೆ ಬಳಸುವುದು ಐಸೊಪ್ರೊಪೈಲ್ ಆಲ್ಕೊಹಾಲಿನ ಆವಿಯನ್ನೇ. "ಅಣ್ಣಾರ, ಸ್ಪಿರಿಟ್ ಹಾಕಿದ್ರ ಇನ್ನೂ ಸ್ವಚ್ಛ ಆಕ್ಕೈತಲ್ರಿ" ಅಂದ ನಮ್ಮ ಹುಡುಗ. ನನ್ನ ಭಯ ಅದೇ. ಅದ್ದಿದ ಮಾಸ್ಕ್ ನೋಡೋಕೆ ಹೊಸದರ ಹಾಗೇ ಇತ್ತು, ಉಸಿರೂ ಸರಾಗ. ಹಾಕಿಕೊಂಡವರಿಗೆ ಗೊತ್ತಾಗುವುದೇ ಇಲ್ಲ.

ಸೋಪಿನ ನೀರು ಸ್ಪಿರಿಟ್‌ನಷ್ಟು ಕೆಡಿಸಲಿಲ್ಲ, ಆದರೂ ಹೊಗೆ ಚೆನ್ನಾಗಿಯೇ ನುಗ್ಗಿತು. ಬರೀ ನೀರಿನದು ಹೊಸ ಮಾಸ್ಕಿಗೆ ತೀರಾ ಹತ್ತಿರ. ಪಾಲಿಪ್ರೊಪಿಲೀನ್‌ಗೆ ನೀರು ಹತ್ತುವುದಿಲ್ಲ, ಹನಿಯಾಗಿ ಜಾರುತ್ತದೆ. ಸೋಪು ಬೆರೆತರೆ ಅದೇ ನೀರು ಒಳಗೆ ಇಳಿಯುತ್ತದೆ.

ಹಾಗಂತ ಬರೀ ನೀರಲ್ಲಿ ತೊಳೆಯಿರಿ ಅಂತ ಹೇಳಲ್ಲ. ಉಜ್ಜಿದರೆ ಪದರ ಹರಿಯುತ್ತದೆ, ಮೂಗಿನ ಪಟ್ಟಿ ಸಡಿಲಾಗುತ್ತದೆ, ಖಾರವಂತೂ ಪೂರ್ತಿ ಹೋಗಲ್ಲ. ಗಿರಣಿಯಲ್ಲಿ ಈಗ ತೊಳೆಯುವುದನ್ನೇ ಬಿಡಿಸಿದ್ದೇನೆ. ಉಸಿರಾಟ ಭಾರವಾದರೆ ಅಥವಾ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದಿದ್ದರೆ ಹೊಸದು.

ಕರೆಂಟಿನ ತಟ್ಟೆಗಳಲ್ಲಿ ಕಣ ಹಿಡಿದು ಗಾಳಿ ಶುದ್ಧ ಮಾಡುವ ಯಂತ್ರವನ್ನು ತೊಳೆಯುವ ಮಾತೇ ಬೇರೆ. ಅಲ್ಲಿ ವಿದ್ಯುತ್ತು ಹೊರಗಿಂದ ಬರುತ್ತದೆ, ಸೋಪಿನಿಂದ ಅದಕ್ಕೆ ತೊಂದರೆಯಿಲ್ಲ. ಕಾಸ್ಟಿಕ್ ಸೋಡಾ ಮಾತ್ರ ಬೇಡ, ಅಲ್ಯೂಮಿನಿಯಂ ತಟ್ಟೆಯನ್ನು ತಿನ್ನುತ್ತದೆ. ಪೂರ್ತಿ ಒಣಗುವ ತನಕ ಸ್ವಿಚ್ ಹಾಕಬೇಡಿ.