ಬಂಡೀಪುರವೋ, ಕಬಿನಿಯೋ?

ಒಂದೇ ಸಫಾರಿಗೆ ಬಿಡುವಿದೆಯಾ? ಬೇಸಿಗೆಯಾದರೆ ನನ್ನ ಓಟು ನಾಗರಹೊಳೆಯ ಕಬಿನಿಗೆ. ಹಿನ್ನೀರು ಇಳಿದಂತೆ ದಡದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಸೊಂಡಿಲಲ್ಲಿ ಹುಲ್ಲು ಕಿತ್ತು, ಬೇರಿನ ಮಣ್ಣು ಕೊಡವಿ ಬಾಯಿಗಿಡುವುದನ್ನು ಆರಾಮಾಗಿ ನೋಡಬಹುದು. ಆನೆ ಲದ್ದಿ ಬಿದ್ದಲ್ಲಿ ಅದು ತಿಂದ ಹಣ್ಣಿನ ಬೀಜವೂ ಬೀಳುತ್ತದೆ. ಹುಲಿ, ಚಿರತೆ, ಸೀಳುನಾಯಿ ಮೂರೂ ಇಲ್ಲಿವೆ. ಹುಲಿಗೆ ಕಾಟಿ, ಕಡವೆಯಂಥ ದೊಡ್ಡ ಬೇಟೆ ಬೇಕು. ಉಳಿದೆರಡಕ್ಕೆ ಹೆಚ್ಚಾಗಿ ಚುಕ್ಕೆ ಜಿಂಕೆ ಸಾಕು. ಹಾಗಾಗಿ ಹುಲಿ ಉಳಿಸೋದು ಅಂದ್ರೆ ಮೊದಲು ಕಾಟಿ, ಕಡವೆ ಉಳಿಸೋದು, ಅಲ್ವಾ?

ಬಂಡೀಪುರ ಇದಕ್ಕಿಂತ ಒಣ ಕಾಡು. 1973ರಲ್ಲೇ ಹುಲಿ ಯೋಜನೆಗೆ ಸೇರಿದ್ದು. ಪ್ರಾಣಿಗಳೇನೋ ಅವೇ. ಆದರೆ ಲಂಟಾನ ಎಂಬ ಹೊರಗಿನಿಂದ ಬಂದ ಕಳೆಪೊದೆ ದಟ್ಟವಾಗಿ ಹಬ್ಬಿದ ಕಡೆ ಹುಲ್ಲಿಗೆ ಜಾಗ ಇಲ್ಲ, ಜಿಂಕೆಗೆ ಮೇವೂ ಇಲ್ಲ. ಮಳೆಗಾಲದಲ್ಲಿ ಕಬಿನಿ ತುಂಬಿ ಆನೆಗಳು ಚದುರಿದಾಗ ಮಾತ್ರ ಬಂಡೀಪುರವೇ ವಾಸಿ.