ಸೀಲಿಯಾಕ್ ಕಿಟ್‌ಗಳ ವಿಮರ್ಶೆ: ಯಾವುದನ್ನು ಕೊಳ್ಳಬಹುದು, ಯಾವುದು ಬೇಡ

ಗೋಧಿ ಮುಂತಾದವುಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ತಿಂದಾಗ ಸಣ್ಣ ಕರುಳಿಗೆ ಹಾನಿಯಾಗುವುದೇ ಸೀಲಿಯಾಕ್ ಕಾಯಿಲೆ. ಇದರ ಮತ್ತು ಗ್ಲುಟೆನ್ ಹೆಸರಿನಲ್ಲಿ ಮನೆಬಳಕೆಗೆ ಮಾರುವ ಕಿಟ್‌ಗಳು ಮುಖ್ಯವಾಗಿ ಐದು ಬಗೆ. ಬೆರಳು ಚುಚ್ಚಿ ರಕ್ತದಲ್ಲಿ ಪ್ರತಿಕಾಯ (ಆಂಟಿಬಾಡಿ) ನೋಡುವುದು ಒಂದು. ಕೆನ್ನೆಯ ಒಳಭಾಗ ಒರೆಸಿ ಜೀನ್ ನೋಡುವುದು ಇನ್ನೊಂದು. ಆಹಾರದಲ್ಲಿ ಗ್ಲುಟೆನ್ ಇದೆಯೇ ಎಂದು ನೋಡುವ ಪಟ್ಟಿ (ಸ್ಟ್ರಿಪ್) ಮೂರನೆಯದು. ಗ್ಲುಟೆನ್ ಹೊಟ್ಟೆಗೆ ಹೋಗಿದೆಯೇ ಎಂದು ಮೂತ್ರ, ಮಲದಲ್ಲಿ ಹುಡುಕುವುದು ನಾಲ್ಕನೆಯದು. ಐಜಿಜಿ ಎಂಬ ಬಗೆಯ ಪ್ರತಿಕಾಯ ನೋಡಿ ನೂರಾರು ಆಹಾರಗಳಿಗೆ 'ಅಸಹಿಷ್ಣುತೆ'ಯ ಯಾದಿ ಕೊಡುವ ಐಜಿಜಿ ಕಿಟ್ ಕೊನೆಯದು. ಪೆಟ್ಟಿಗೆಯ ಮೇಲಿನ ಭರವಸೆ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ, ಒಳಗೆ ನಡೆಯುವ ಕೆಲಸ ಮಾತ್ರ ಬೇರೆಬೇರೆ. ತೀರ್ಪು ಮೊದಲೇ ಬೇಕೆನ್ನುವವರಿಗೆ: ರಕ್ತದ ಕಿಟ್ ಶರತ್ತಿನ ಮೇಲೆ ಸರಿ, ಜೀನ್ ಕಿಟ್ ಕೆಲವರಿಗೆ ಮಾತ್ರ, ಆಹಾರ ಪರೀಕ್ಷಿಸುವ ಪಟ್ಟಿ ಅಡುಗೆಮನೆಗೆ ಒಳ್ಳೆಯದು ಆದರೆ ತಟ್ಟೆಗೆ ಅಷ್ಟಕ್ಕಷ್ಟೆ, ಮೂತ್ರದ ಕಿಟ್ ಅಪರೂಪಕ್ಕೆ, ಐಜಿಜಿ ಕಿಟ್ ಬೇಡವೇ ಬೇಡ.

ರಕ್ತದ ಕಿಟ್‌ನ ಶರತ್ತು ಏನೆಂದರೆ, ಪರೀಕ್ಷೆಯ ಹೊತ್ತಿಗೆ ನೀವು ಗ್ಲುಟೆನ್ ತಿನ್ನುತ್ತಿರಬೇಕು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಈ ಪ್ರೋಟೀನ್ ಪೂರ್ತಿ ಜೀರ್ಣವಾಗುವುದಿಲ್ಲ. ಉಳಿದ ತುಣುಕುಗಳು ಸಣ್ಣ ಕರುಳಿನ ಗೋಡೆಯೊಳಗೆ ಸೇರಿದಾಗ ಅಲ್ಲಿನ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಅವುಗಳ ರೂಪವನ್ನು ಸ್ವಲ್ಪ ಬದಲಿಸುತ್ತದೆ. ಸೀಲಿಯಾಕ್‌ಗೆ ಬೇಕಾದ ಜೀನ್ ಇದ್ದು ಕಾಯಿಲೆ ಶುರುವಾದವರಲ್ಲಿ, ರೋಗನಿರೋಧಕ ಕಣಗಳು ಆ ತುಣುಕುಗಳ ಮೇಲೆ ಎರಗುತ್ತವೆ, ಜೊತೆಗೆ ಆ ಕಿಣ್ವದ ಮೇಲೂ ಪ್ರತಿಕಾಯ ತಯಾರಾಗುತ್ತದೆ. ಟಿಟಿಜಿ-ಐಜಿಎ ಎಂದು ವರದಿಗಳಲ್ಲಿ ಕಾಣುವುದು ಇದೇ. ಕಿಟ್ ಹುಡುಕುವುದೂ ಇದನ್ನೇ. ಗ್ಲುಟೆನ್ ಬಿಟ್ಟರೆ ಪ್ರತಿಕಾಯ ವಾರಗಳಲ್ಲಿ ಇಳಿಯತೊಡಗುತ್ತದೆ, ಕೆಲವು ತಿಂಗಳಾದ ಮೇಲೆ ಕಾಯಿಲೆ ಇದ್ದವರಲ್ಲೂ ಪರೀಕ್ಷೆ 'ಇಲ್ಲ' ಎನ್ನಬಹುದು. ಗೋಧಿ ಬಿಟ್ಟೆ, ಹೊಟ್ಟೆ ಹಗುರಾಯಿತು, ಈಗ ಪರೀಕ್ಷೆ ಮಾಡಿಸೋಣ ಎನ್ನುವವರು ಹೆಚ್ಚಾಗಿ ಈ ಗುಂಡಿಗೇ ಬೀಳುತ್ತಾರೆ.

ಈಗಾಗಲೇ ಬಿಟ್ಟಿದ್ದರೆ ಮತ್ತೆ ತಿನ್ನಬೇಕು, ಅದನ್ನು ವೈದ್ಯರ ಕಣ್ಗಾವಲಿನಲ್ಲೇ ಮಾಡಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ ಗ್ಲುಟೆನ್ ಇರಬೇಕು, ಕನಿಷ್ಠ 6 ವಾರ ಹಾಗೆಯೇ ನಡೆಯಬೇಕು. ಅಷ್ಟು ದಿನ ತಡೆದುಕೊಳ್ಳಲಾಗದವರಿಗೆ ದಿನಕ್ಕೆ 3 ಗ್ರಾಂ ಗ್ಲುಟೆನ್‌ನಂತೆ 2 ವಾರ, ಸಾಧ್ಯವಾದರೆ 8 ವಾರ ಎಂಬ ಇನ್ನೊಂದು ಕ್ರಮವೂ ಇದೆ. ನೂರು ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 8 ಗ್ರಾಂ ಗ್ಲುಟೆನ್ ಇರುತ್ತದೆಂದು ಇಟ್ಟುಕೊಂಡರೆ, 3 ಗ್ರಾಂ ಎಂದರೆ ದಿನಕ್ಕೆ ಹೆಚ್ಚುಕಡಿಮೆ 40 ಗ್ರಾಂ ಹಿಟ್ಟು. ಕಿಟ್‌ಗಳ ಕೈಪಿಡಿಯಲ್ಲಿ ಈ ಲೆಕ್ಕ ಮುಖಪುಟದಲ್ಲೇ ಇರಬೇಕಿತ್ತು. ಬಹಳಷ್ಟರಲ್ಲಿ ಅದು ಸಣ್ಣಕ್ಷರದ ಒಂದು ಸಾಲಾಗಿ ಎಲ್ಲೋ ಅಡಗಿರುತ್ತದೆ.

ಚುಚ್ಚುವ ಕೆಲಸ ಸುಲಭ, ಕೆಡುವುದೂ ಸುಲಭ. ಕ್ಯಾಸೆಟ್ (ಪ್ರತಿಕಾಯ ಇದ್ದರೆ ಗೆರೆ ಮೂಡುವ ಪಟ್ಟಿ ಕೂರಿಸಿದ ಪ್ಲಾಸ್ಟಿಕ್ ಬಿಲ್ಲೆ) ತಣ್ಣಗಿನ ಜಾಗದಲ್ಲಿದ್ದರೆ ಮೊದಲು ಕೋಣೆಯ ಉಷ್ಣತೆಗೆ ಬರಲಿ, ಚೀಲವನ್ನು ಬಳಸುವ ಹೊತ್ತಿಗಷ್ಟೇ ಹರಿಯಿರಿ, ತೇವ ತಾಗಿದರೆ ಪಟ್ಟಿ ಹಾಳಾಗುತ್ತದೆ. ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಸ್ಪಿರಿಟ್ ಹಚ್ಚಿದ್ದರೆ ಅದು ಆರುವ ತನಕ ಕಾಯಿರಿ, ಇಲ್ಲವಾದರೆ ಕೆಂಪು ರಕ್ತಕಣ ಒಡೆದು ಹನಿ ತೆಳುವಾಗುತ್ತದೆ. ಉಂಗುರ ಬೆರಳಿನ ತುದಿಯಲ್ಲಿ, ನಡುವೆ ಅಲ್ಲ, ಪಕ್ಕಕ್ಕೆ ಚುಚ್ಚಿ. ಮೊದಲ ಹನಿ ಒರೆಸಿಬಿಡಿ. ಎರಡನೆಯದು ತಾನಾಗಿ ಮೂಡಲಿ. ಬೆರಳನ್ನು ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಬಂದು ಪ್ರತಿಕಾಯದ ಸಾಂದ್ರತೆ ಇಳಿಯುತ್ತದೆ, ಮಸುಕು ಗೆರೆ ಬರಬೇಕಾದಲ್ಲಿ ಗೆರೆಯೇ ಬಾರದಿರಬಹುದು. ಸಣ್ಣ ನಳಿಕೆಯನ್ನು ಅಡ್ಡಲಾಗಿ ಹಿಡಿದು ಹನಿಗೆ ಮುಟ್ಟಿಸಿದರೆ ರಕ್ತ ತಾನೇ ಏರುತ್ತದೆ. ನಡುವೆ ಗಾಳಿಗುಳ್ಳೆ ಸೇರಿದರೆ ಅಳತೆ ತಪ್ಪಿತೆಂದೇ ಅರ್ಥ. ರಕ್ತವನ್ನು ದ್ರಾವಣದ ಬಾಟಲಿಯಲ್ಲಿ ಕಲಕಿ, ಹೇಳಿದಷ್ಟೇ ಹನಿ ಕ್ಯಾಸೆಟ್ಟಿಗೆ ಹಾಕಿ, ಹೇಳಿದಷ್ಟೇ ನಿಮಿಷಕ್ಕೆ ಓದಿ. ಮಾಮೂಲಿಯಾಗಿ 10 ನಿಮಿಷದ ಆಸುಪಾಸು. ಅರ್ಧ ಗಂಟೆ ಬಿಟ್ಟು ನೋಡಿದಾಗ ಕಾಣುವ ಗೆರೆಗೆ ಬೆಲೆಯಿಲ್ಲ, ಪಟ್ಟಿ ಒಣಗಿದಾಗ ಹಾಗೆ ಮೂಡುವುದುಂಟು. ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಬಾರದಿದ್ದರೆ ಆ ಕ್ಯಾಸೆಟ್ ಕಸದ ಬುಟ್ಟಿಗೆ. ಹೇಳಿದ ಸಮಯದೊಳಗೆ ಕಂಡ ಗೆರೆ ಮಸುಕಾಗಿದ್ದರೂ ಅದನ್ನು ಗೆರೆ ಎಂದೇ ಎಣಿಸಬೇಕು.

ಗೆರೆ ಬಾರದಿದ್ದರೆ ನಿರಾಳವಾಗುವ ಮೊದಲು ಒಂದು ವಿಷಯ ನೋಡಬೇಕು. ಕೆಲವರ ದೇಹದಲ್ಲಿ ಐಜಿಎ ಎಂಬ ಪ್ರತಿಕಾಯವೇ ತಯಾರಾಗುವುದಿಲ್ಲ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ 2–3 ಮಂದಿ ಹೀಗಿರುತ್ತಾರೆ, ಉಳಿದ ಜನರಿಗಿಂತ ಇದು ಬಹಳ ಹೆಚ್ಚು. ಅವರಲ್ಲಿ ಟಿಟಿಜಿ-ಐಜಿಎ ಎಷ್ಟು ಸಲ ನೋಡಿದರೂ ಸೊನ್ನೆ. ಒಳ್ಳೆಯ ಕಿಟ್‌ನಲ್ಲಿ ಒಟ್ಟು ಐಜಿಎ ಇದೆಯೇ ಎಂದು ತೋರಿಸುವ ಪ್ರತ್ಯೇಕ ಗೆರೆ ಇರುತ್ತದೆ. ಆ ಗೆರೆ ಇಲ್ಲದ ಕಿಟ್‌ಗೆ ನಾವು ಅಂಕ ಕೊಡುವುದಿಲ್ಲ. ಐಜಿಎ ಕೊರತೆ ಇದ್ದರೆ ಲ್ಯಾಬಿನಲ್ಲಿ ಡಿಜಿಪಿ-ಐಜಿಜಿ ಅಥವಾ ಟಿಟಿಜಿ-ಐಜಿಜಿ ಎಂಬ ಐಜಿಜಿ ಬಗೆಯ ಪ್ರತಿಕಾಯ ನೋಡಿಸಬೇಕು. ಲಕ್ಷಣ ಜೋರಾಗಿದ್ದರೆ, ಅಂದರೆ ಬಿಡದ ಭೇದಿ, ಕಾರಣ ತಿಳಿಯದ ರಕ್ತಹೀನತೆ, ಮಗುವಿನ ಬೆಳವಣಿಗೆ ಕುಂಠಿತವಾಗಿರುವುದು, ಮೊಣಕೈ ಮೊಣಕಾಲಿನ ಮೇಲೆ ತುರಿಸುವ ಸಣ್ಣ ಗುಳ್ಳೆ ಇಂಥವಿದ್ದರೆ, ಗೆರೆ ಬಾರದಿದ್ದರೂ ವೈದ್ಯರ ಬಳಿ ಹೋಗಲೇಬೇಕು.

ಗೆರೆ ಬಂದರೆ? ಗೋಧಿ ಬಿಡಬೇಡಿ, ಇನ್ನೂ ಬಿಡಬೇಡಿ. ಕಿಟ್ 'ಇದೆ, ಇಲ್ಲ' ಎಂದಷ್ಟೇ ಹೇಳುತ್ತದೆ, ಮುಂದಿನ ನಿರ್ಧಾರಕ್ಕೆ ಬೇಕಾದ್ದು ಸಂಖ್ಯೆ. ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ಮಗುವಿನ ಟಿಟಿಜಿ-ಐಜಿಎ ಮಾಮೂಲಿ ಮೇಲ್ಮಿತಿಯ 10 ಪಟ್ಟು ಅಥವಾ ಹೆಚ್ಚಿದ್ದು, ಇನ್ನೊಮ್ಮೆ ತೆಗೆದ ರಕ್ತದಲ್ಲಿ ಎಂಡೋಮೈಸಿಯಲ್ ಪ್ರತಿಕಾಯವೂ ಕಂಡರೆ ಬಯಾಪ್ಸಿ (ಕರುಳಿನ ಚೂರು ತೆಗೆದು ನೋಡುವುದು) ಇಲ್ಲದೆಯೇ ಕಾಯಿಲೆ ಖಚಿತವೆನ್ನಬಹುದು. ಆ '10 ಪಟ್ಟು' ಕ್ಯಾಸೆಟ್ಟಿನ ಗೆರೆಯಿಂದ ತಿಳಿಯುವುದಿಲ್ಲ. ದೊಡ್ಡವರಿಗೆ ಎಂಡೋಸ್ಕೋಪಿ ಮತ್ತು ಬಯಾಪ್ಸಿಯೇ ಇಂದಿಗೂ ವಾಡಿಕೆ. ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುಯೋಡಿನಮ್‌ನ ಎರಡನೇ ಭಾಗದಿಂದ ಕನಿಷ್ಠ 4 ಚೂರು, ಅದರ ಶುರುವಿನ ಉಬ್ಬು ಭಾಗದಿಂದ 1–2 ಚೂರು ತೆಗೆಯಬೇಕು. ಹಾನಿ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲವಾದ್ದರಿಂದ ಒಂದೆರಡು ಚೂರಿಗೇ ಮುಗಿಸಿದರೆ ಕಾಯಿಲೆ ಕೈತಪ್ಪುವ ಸಂಭವವಿದೆ. ವರದಿಯಲ್ಲಿ ಮಾರ್ಷ್ ದರ್ಜೆ ಎಂದಿದ್ದರೆ ಅದು ಕರುಳಿನ ವಿಲ್ಲೈಗಳು (ಒಳಗೋಡೆಯ ಬೆರಳಿನಂಥ ಸಣ್ಣ ಚಾಚುಗಳು) ಎಷ್ಟು ಸವೆದಿವೆ ಎಂಬುದರ ಅಳತೆ, 3ನೇ ದರ್ಜೆಯಿಂದ ಸವೆತ ಶುರು. ಎಂಡೋಸ್ಕೋಪಿಗೆ ಮುಂಚೆ ಎಷ್ಟು ಚೂರು, ಎಲ್ಲಿಂದ ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ.

ಜೀನ್ ಕಿಟ್‌ನ ವಿಷಯ ಚಿಕ್ಕದು. ಎಚ್‌ಎಲ್‌ಎ-ಡಿಕ್ಯು2 ಅಥವಾ ಡಿಕ್ಯು8 ಎಂಬ ಜೀನ್ ಇಲ್ಲದವರಿಗೆ ಸೀಲಿಯಾಕ್ ಬರುವುದು ತೀರಾ ಅಪರೂಪ. ಇದ್ದವರಲ್ಲಿ ಹೆಚ್ಚಿನವರಿಗೂ ಅದು ಬರುವುದಿಲ್ಲ: ಬಹಳಷ್ಟು ಕಡೆ ಜನರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿಗೆ ಈ ಜೀನ್‌ಗಳಿವೆ, ಕಾಯಿಲೆ ಇರುವುದು ನೂರಕ್ಕೆ ಒಬ್ಬರ ಆಸುಪಾಸು. ಹಾಗಾಗಿ 'ಇಲ್ಲ' ಎಂಬ ಉತ್ತರಕ್ಕೆ ಮಾತ್ರ ತೂಕ. ಗೋಧಿ ಬಿಟ್ಟು ವರ್ಷಗಳಾಗಿ ಮತ್ತೆ ತಿನ್ನಲು ಆಗದವರಿಗೆ, ಮನೆಯಲ್ಲಿ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕಾಯಿಲೆ ಇರುವವರಿಗೆ ಇದು ಉಪಯೋಗ. ಇದಕ್ಕೆ ಗ್ಲುಟೆನ್ ತಿನ್ನುತ್ತಿರಬೇಕೆಂಬ ನಿಯಮವೂ ಇಲ್ಲ. ಡಿಕ್ಯು2.5, ಡಿಕ್ಯು2.2, ಡಿಕ್ಯು8 ಎಂದು ಬಿಡಿಬಿಡಿಯಾಗಿ ವರದಿ ಕೊಡುವ ಕಿಟ್ ಆರಿಸಿ. 'ಅಪಾಯ ಹೆಚ್ಚು, ಕಡಿಮೆ' ಎಂದು ಬಣ್ಣದ ಚಿತ್ರ ಮಾತ್ರ ಕೊಡುವುದು ವೈದ್ಯರಿಗೆ ಕೆಲಸಕ್ಕೆ ಬರುವುದಿಲ್ಲ.

ಇನ್ನು ಆಹಾರ ಪರೀಕ್ಷಿಸುವ ಪಟ್ಟಿ. ಕಾಯಿಲೆ ಖಚಿತವಾದ ಮೇಲೆ ಎಲ್ಲರ ಕಣ್ಣೂ ಇದರ ಮೇಲೆಯೇ. ಮೊದಲು ಮಿತಿಯ ಲೆಕ್ಕ ತಿಳಿದಿರಲಿ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಂತೆ 'ಗ್ಲುಟೆನ್ ಮುಕ್ತ' ಎಂದರೆ 20 ಪಿಪಿಎಂ ಒಳಗೆ, ಅಂದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚಿಲ್ಲ. ಅಂಥದ್ದನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ ಹೊಟ್ಟೆಗೆ ಹೋಗುವುದು 10 ಮಿಲಿಗ್ರಾಂ. ದಿನಕ್ಕೆ 50 ಮಿಲಿಗ್ರಾಂನಂತೆ 3 ತಿಂಗಳು ತಿಂದಾಗ ಕರುಳಿಗೆ ಹಾನಿಯಾದದ್ದು 2007ರ ಇಟಲಿಯ ಅಧ್ಯಯನವೊಂದರಲ್ಲಿ ಕಂಡಿದೆ. ಐವತ್ತು ಮಿಲಿಗ್ರಾಂ ಗ್ಲುಟೆನ್‌ಗೆ ಅರ್ಧ ಗ್ರಾಂಗಿಂತ ತುಸು ಹೆಚ್ಚು ಹಿಟ್ಟು ಸಾಕು.

ಪಟ್ಟಿಗಳಲ್ಲಿರುವುದು ಗ್ಲುಟೆನ್ ಹಿಡಿಯುವ ಆರ್5 ಅಥವಾ ಜಿ12 ಎಂಬ ಪ್ರತಿಕಾಯ. ಚೂರು ಆಹಾರವನ್ನು ದ್ರಾವಣದಲ್ಲಿ ಹಾಕಿ ಜೋರಾಗಿ ಕಲಕಿ, ತಿಳಿಯನ್ನು ಪಟ್ಟಿಗೆ ಹಾಕಿ ಕಾಯುವುದು, ಇಷ್ಟೇ ಕೆಲಸ. ಎಡವಟ್ಟು ಆಗುವ ಕಡೆ ನಾಲ್ಕು. ಒಂದು, ಪರೀಕ್ಷೆಗೆ ಹೋಗುವುದು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ. ಓಟ್ಸ್‌ನಂಥ ಕಾಳಿನಲ್ಲಿ ಗ್ಲುಟೆನ್ ಸಮನಾಗಿ ಹರಡಿರುವುದಿಲ್ಲ, ಎಲ್ಲೋ ಒಂದು ಬಾರ್ಲಿ ಕಾಳಾಗಿ ಕೂತಿರುತ್ತದೆ. ನೀವು ತೆಗೆದ ಚಮಚದಲ್ಲಿ ಆ ಕಾಳಿಲ್ಲದಿದ್ದರೆ ಪಟ್ಟಿ ಶುದ್ಧವೆನ್ನುತ್ತದೆ. ಪೊಟ್ಟಣ ಪೂರ್ತಿ ಪುಡಿಮಾಡಿ ಕಲಸಿ ಅದರಿಂದ ತೆಗೆದರೆ ಸ್ವಲ್ಪ ವಾಸಿ. ಎರಡು, ಹುದುಗಿಸಿದ್ದು ಮತ್ತು ಪ್ರೋಟೀನ್ ಒಡೆದದ್ದು, ಅಂದರೆ ಬಿಯರ್, ಸೋಯಾ ಸಾಸ್, ಮಾಲ್ಟ್ ಸಾರ. ಇವುಗಳಲ್ಲಿ ಗ್ಲುಟೆನ್ ತುಂಡಾಗಿರುತ್ತದೆ, ಮಾಮೂಲಿ ಪಟ್ಟಿಗೆ ಹಿಡಿಯಲು ಎರಡು ತುದಿ ಸಿಗುವುದಿಲ್ಲ, ಆದರೆ ಕರುಳಿಗೆ ತೊಂದರೆ ಕೊಡುವ ತುಣುಕು ಹಾಗೇ ಇರಬಹುದು. ಇವಕ್ಕೆ ತುಂಡಾದ ಗ್ಲುಟೆನ್ನನ್ನೂ ಹಿಡಿಯುವ, ಕಾಂಪಿಟಿಟಿವ್ ಎಲೈಸಾ ಎಂಬ ಲ್ಯಾಬಿನ ಪರೀಕ್ಷೆ ಬೇಕು. ಮೂರು, ಚಾಕೊಲೇಟ್, ಚಹಾ, ಮಸಾಲೆ ಪದಾರ್ಥ. ಇವುಗಳ ಪಾಲಿಫಿನಾಲ್‌ಗಳು ಗ್ಲುಟೆನ್‌ಗೆ ಅಂಟಿಕೊಂಡು ದ್ರಾವಣಕ್ಕೆ ಇಳಿಯಗೊಡುವುದಿಲ್ಲ. ಇದಕ್ಕೆಂದೇ ಬೇರೆ ಪುಡಿ ಅಥವಾ ದ್ರಾವಣ ಕೊಡುವ ಕಿಟ್‌ಗಳಿವೆ, ಕೊಳ್ಳುವ ಮುಂಚೆ ನೋಡಿ. ನಾಲ್ಕನೆಯದು ಎಲ್ಲಕ್ಕಿಂತ ವಿಚಿತ್ರ: ಗ್ಲುಟೆನ್ ವಿಪರೀತ ಇದ್ದರೆ ಗೆರೆ ಗಾಢವಾಗುವ ಬದಲು ಮಸುಕಾಗುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ಇದನ್ನು ಹುಕ್ ಪರಿಣಾಮ ಎನ್ನುತ್ತಾರೆ. ಅನುಮಾನವಿದ್ದರೆ ಅದೇ ತಿಳಿಯನ್ನು ಕಿಟ್‌ನ ದ್ರಾವಣದಲ್ಲೇ 10 ಪಟ್ಟು, ಆಮೇಲೆ 100 ಪಟ್ಟು ತೆಳು ಮಾಡಿ ಮತ್ತೆ ಪಟ್ಟಿಗೆ ಹಾಕಿ. ಇದಕ್ಕೆಂದೇ ಮೂರನೇ ಗೆರೆ ಇರುವ ಪಟ್ಟಿಗಳೂ ಇವೆ, ಅವೇ ಮೇಲು.

ಹಾಗಾದರೆ ಈ ಪಟ್ಟಿ ಯಾತಕ್ಕೆ? ಮೇಲ್ಮೈ ನೋಡುವುದಕ್ಕೆ. ತೊಳೆದ ಜರಡಿ, ಮರದ ಹಲಗೆ, ಟೋಸ್ಟರ್, ಹಿಟ್ಟು ಬೀಸುವ ಯಂತ್ರ ಇವುಗಳ ಮೇಲೆ ಅಂಗೈಯಗಲ ಜಾಗವನ್ನು ಒದ್ದೆ ಹತ್ತಿಕಡ್ಡಿಯಿಂದ ಒರೆಸಿ ಪಟ್ಟಿಗೆ ಹಾಕಿದರೆ, ತೊಳೆಯುವ ರೀತಿ ಸರಿಯಿದೆಯೇ ಎಂಬುದು ಚೆನ್ನಾಗಿ ತಿಳಿಯುತ್ತದೆ. ನಾಲ್ಕಾರು ಸಲ ಮಾಡಿದರೆ ಯಾವುದನ್ನು ಹಂಚಿಕೊಳ್ಳಬಹುದು, ಯಾವುದನ್ನು ಬೇರೆಯೇ ಇಡಬೇಕು ಎಂಬುದು ಗೊತ್ತಾಗಿ, ಆಮೇಲೆ ಪಟ್ಟಿಯ ಹಂಗೇ ಇರುವುದಿಲ್ಲ. ಸ್ಟೀಲು, ಗಾಜು ಸೋಪು ನೀರಿಗೆ ಶುದ್ಧವಾಗುತ್ತವೆ. ಸಣ್ಣ ತೂತು, ಬಿರುಕು ಇರುವವು ಸುಲಭಕ್ಕೆ ಆಗುವುದಿಲ್ಲ. ಕುದಿಸಿದರೆ, ಸ್ಯಾನಿಟೈಸರ್ ಹಾಕಿದರೆ ಗ್ಲುಟೆನ್ ಸಾಯುತ್ತದೆ ಎಂದುಕೊಂಡವರಿದ್ದಾರೆ. ಅದು ಸೂಕ್ಷ್ಮಾಣುವಲ್ಲ, ತೊಳೆದು ತೆಗೆಯುವುದೊಂದೇ ದಾರಿ. ಗೋಧಿ ಪದಾರ್ಥ ಕರಿದ ಎಣ್ಣೆಯಲ್ಲೇ ಕರಿದದ್ದೂ ಇದೇ ಕಾರಣಕ್ಕೆ ಬೇಡ.

ಮೂತ್ರದ ಕಿಟ್ ಸುಮಾರು ಒಂದು ದಿನದೊಳಗೆ ಹೊಟ್ಟೆಗೆ ಹೋದದ್ದನ್ನು ಹೇಳುತ್ತದೆ, ಮಲದ ಕಿಟ್ ಕೆಲವು ದಿನ ಹಿಂದಿನದ್ದನ್ನೂ. ನೀರು ಜಾಸ್ತಿ ಕುಡಿದಿದ್ದರೆ ಮೂತ್ರ ತೆಳುವಾಗಿ ಗೆರೆ ಬಾರದಿರಬಹುದು, ಚೂರುಪಾರು ಗ್ಲುಟೆನ್ ಕಣ್ತಪ್ಪಲೂಬಹುದು. ಪಥ್ಯ ಕಟ್ಟುನಿಟ್ಟಾಗಿದ್ದರೂ ರಕ್ತದ ಸಂಖ್ಯೆ ಇಳಿಯುತ್ತಿಲ್ಲ ಎಂಬ ಸಂದರ್ಭದಲ್ಲಿ, ವಾರದಲ್ಲಿ ಯಾವುದೋ ಎರಡು ಮೂರು ದಿನ ನೋಡಿದರೆ ಸುಳಿವು ಸಿಕ್ಕೀತು. ದಿನವೂ ನೋಡುತ್ತ ಕೂತರೆ ಹೆಚ್ಚುವುದು ಚಿಂತೆ ಮಾತ್ರ.

'ಅಸಹಿಷ್ಣುತೆ'ಯ ಐಜಿಜಿ ಕಿಟ್ ಬಗ್ಗೆ ಎರಡೇ ಮಾತು. ಯಾವುದನ್ನು ತಿಂದಿದ್ದೀರೋ ಅದಕ್ಕೆ ಐಜಿಜಿ ಇರುವುದು ಸಹಜ, ಕಾಯಿಲೆಯ ಗುರುತಲ್ಲ. ಆ ವರದಿ ನೋಡಿ ಗೋಧಿ ಬಿಟ್ಟವರು ನಿಜವಾದ ಪರೀಕ್ಷೆಯ ದಾರಿಯನ್ನೂ ತಾವೇ ಮುಚ್ಚಿಕೊಳ್ಳುತ್ತಾರೆ.

ಕಾಯಿಲೆ ಖಚಿತವಾದ ಮೇಲೆ ಬೆರಳು ಚುಚ್ಚುವ ಕಿಟ್ ಮತ್ತೆ ಕೊಳ್ಳಬೇಕಿಲ್ಲ. 6 ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ನೋಡಬೇಕಾದ್ದು ಲ್ಯಾಬಿನ ಸಂಖ್ಯೆ ಇಳಿಯುತ್ತಿದೆಯೇ ಎಂಬುದನ್ನು. ಮೊದಲ ಸಲ ನೋಡಿದ ಲ್ಯಾಬಿನಲ್ಲೇ ಪ್ರತಿಸಲವೂ ನೋಡಿಸಿ, ಒಂದು ಕಂಪನಿಯ ಅಳತೆಯ ಘಟಕ ಇನ್ನೊಂದಕ್ಕೆ ಹೊಂದುವುದಿಲ್ಲ. ಜೊತೆಗೆ ಕಬ್ಬಿಣ, ಫೋಲೇಟ್, ಬಿ12, ವಿಟಮಿನ್ ಡಿ, ಥೈರಾಯ್ಡ್. ದೊಡ್ಡವರಿಗೆ ಮೂಳೆಯ ಸಾಂದ್ರತೆ. ಸಂಖ್ಯೆ ಮಾಮೂಲಿಗೆ ಬಂದ ಮಾತ್ರಕ್ಕೆ ಕರುಳು ಪೂರ್ತಿ ಮಾಗಿದೆ ಎನ್ನಲಾಗದು, ದೊಡ್ಡವರಲ್ಲಿ ಅದಕ್ಕೆ ಎರಡು ವರ್ಷಕ್ಕೂ ಮೀರಿ ಹಿಡಿಯುವುದುಂಟು. ಕಿಟ್‌ಗೆ ಉಳಿಯುವ ಒಳ್ಳೆಯ ಬಳಕೆ ಎಂದರೆ ಮನೆಯ ಉಳಿದವರದ್ದು. ರೋಗಿಯ ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರಲ್ಲಿ ಹತ್ತಕ್ಕೆ ಒಬ್ಬರವರೆಗೆ ಈ ಕಾಯಿಲೆ ಇರುವ ಸಂಭವವಿದೆ, ಲಕ್ಷಣ ಕಾಣದೆಯೂ ಇರಬಹುದು. ಆದರೆ ಮನೆಯವರೆಲ್ಲ ರೋಗಿಯ ಜೊತೆ ಗೋಧಿ ಬಿಡುವ ಮೊದಲೇ ಅವರ ರಕ್ತ ನೋಡಿಸಿಬಿಡಬೇಕು.