ಸಾಣೆಯೋ, ಕೈಕಲ್ಲೋ, ಮಷೀನೋ: ತುಮಕೂರಿನಲ್ಲಿದ್ದುಕೊಂಡು ಐಸ್ ಹಾಕಿ ಆಟದ ಸ್ಕೇಟ್ ಬ್ಲೇಡು ಹರಿತ ಮಾಡುವ ಲೆಕ್ಕ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಕೈಯಲ್ಲಿ ಉಜ್ಜುವ ದುಂಡು ಕಲ್ಲಿಗೆ, ಅದರ ಜೊತೆಗೆ ಒಂದು ಸ್ಪೇರ್ ಜೋಡಿ ಸ್ಟೀಲಿಗೆ, ಅಂದರೆ ಸ್ಕೇಟ್ ಬೂಟಿನ ತಳಕ್ಕೆ ಸಿಕ್ಕಿಸುವ ಬ್ಲೇಡಿಗೆ. ಸಾಣೆ ಅಂಗಡಿ, ಕಾರ್ಖಾನೆಯ ಟೂಲ್ ರೂಮು, ಜೇಬಿನ ಶಾರ್ಪನರ್, ಮನೆ ಮಷೀನು ಎಲ್ಲವನ್ನೂ ನೋಡಿಯಾದ ಮೇಲೆ ಇಲ್ಲಿಗೆ ಬಂದು ನಿಂತಿದ್ದು. ಅಷ್ಟರಲ್ಲಿ ಒಂದು ಜೋಡಿ ಬ್ಲೇಡು ಗುಜರಿ ಸೇರಿತ್ತು.

ನಮ್ಮ ಕಡೆಯವರಿಗೆ ಐಸ್ ಸಿಗೋದು ವರ್ಷಕ್ಕೆ ಒಂದೆರಡು ಸಲ. ಡೆಹ್ರಾಡೂನಿನ ಹಿಮಾದ್ರಿ ರಿಂಕು (ಐಸಿನ ಆಟದ ಅಂಗಳ), ಇಲ್ಲದಿದ್ದರೆ ಚಳಿಗಾಲದಲ್ಲಿ ಲೇಹ್. ಮಿಕ್ಕ ತಿಂಗಳೆಲ್ಲ ಒಂದೇ ಸಾಲಿನಲ್ಲಿ ಗಾಲಿ ಇರುವ ಇನ್‌ಲೈನ್ ಸ್ಕೇಟ್ ಹಾಕಿಕೊಂಡು ಸಿಮೆಂಟು ನೆಲದ ಮೇಲೆ. ಕೆನಡಾದಲ್ಲಾದರೆ ರಿಂಕಿನ ಪಕ್ಕದಲ್ಲೇ ಹರಿತ ಮಾಡಿಕೊಡುವವರು ಕೂತಿರುತ್ತಾರೆ, ನಮ್ಮಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಟೀ ಅಂಗಡಿ ಇದ್ದಹಾಗೆ. ಇಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ಎಲ್ಲರ ಕಣ್ಣು ಮೊದಲು ಹೋಗೋದು ಮಚ್ಚು, ಕುಡುಗೋಲು, ಈಳಿಗೆ ಹರಿತ ಮಾಡಿಕೊಡುವ ಸಾಣೆಯವರ ಕಡೆಗೆ. ತಪ್ಪು ಅಲ್ಲೇ ಶುರುವಾಗುತ್ತೆ.

ಸ್ಕೇಟಿನ ಬ್ಲೇಡು ಕುಡುಗೋಲಲ್ಲ. ಕುಡುಗೋಲಿಗೆ ಒಂದೇ ಬಾಯಿ, ಸ್ಕೇಟಿನ ಬ್ಲೇಡಿಗೆ ಎರಡು ಅಂಚು. ಸುಮಾರು 2.9 ಮಿ.ಮೀ. ದಪ್ಪದ ಪಟ್ಟಿಯ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತೆ, ಆಟಗಾರರು ಅದಕ್ಕೆ ಹಾಲೋ ಅಂತಾರೆ. ತೋಡಿನ ಎಡಬಲಕ್ಕೆ ಉಳಿಯುವ ಎರಡು ಮೂಲೆಗಳೇ ಐಸನ್ನು ಕಚ್ಚೋದು. ಸಾಮಾನ್ಯವಾಗಿ ಹಿಡಿಯುವ ಅರ್ಧ ಇಂಚಿನ ಹಾಲೋ ಅಂದರೆ ಅರ್ಧ ಇಂಚು ತ್ರಿಜ್ಯದ ವೃತ್ತದ ಒಂದು ತುಣುಕು, ಅಷ್ಟು ಆಳ ಅಂತಲ್ಲ. ಲೆಕ್ಕ ಹಾಕಿದರೆ ಆಳ ಬರೋದು 0.08 ಮಿ.ಮೀ., ಹೆಚ್ಚುಕಡಿಮೆ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ. ಬರಿಗಣ್ಣಿಗೆ ಬ್ಲೇಡಿನ ತಳ ಚಪ್ಪಟೆಯಾಗಿ ಕಾಣೋದು ಇದಕ್ಕೇ. ಸಾಣೆಯವರಿಗೂ ಹಾಗೇ ಕಂಡರೆ ಅದು ಅವರ ತಪ್ಪಲ್ಲ.

ಅವರು ಮಾಡೋದೇನೆಂದರೆ, ಅಭ್ಯಾಸದಂತೆ ಎರಡೂ ಪಕ್ಕದಿಂದ ಓರೆಯಾಗಿ ಹಿಡಿದು ಬಾಯಿ ತೆಗೆಯುತ್ತಾರೆ. ಎರಡು ಅಂಚು ಹೋಗಿ ನಡುವೆ ಒಂದು ಏಣು ನಿಲ್ಲುತ್ತೆ. ತರಕಾರಿ ಹೆಚ್ಚಬಹುದು, ಐಸಿನ ಮೇಲೆ ನಿಲ್ಲೋಕಾಗಲ್ಲ. "ಬಾಯಿ ಬೇಡ, ತಳ ಮಾತ್ರ" ಅಂತ ಪಕ್ಕದಲ್ಲೇ ನಿಂತು ಹೇಳಿದರೂ ಇನ್ನೆರಡು ತೊಂದರೆ ಉಳಿಯುತ್ತೆ. ಬೆಂಚ್ ಗ್ರೈಂಡರಿನ ಕಲ್ಲು ಬ್ಲೇಡನ್ನು ಅಡ್ಡಡ್ಡ ತಿನ್ನುತ್ತೆ. ಗೀರುಗಳು ಅಡ್ಡಕ್ಕೆ ಬಿದ್ದರೆ ಬ್ಲೇಡು ಜಾರುವ ಬದಲು ಐಸನ್ನು ಕೆರೆಯುತ್ತೆ. ಸ್ಕೇಟಿಗೆ ಗೀರು ಯಾವಾಗಲೂ ಉದ್ದಕ್ಕೇ ಇರಬೇಕು. ಇನ್ನೊಂದು ಬಿಸಿ. ನಿಮಿಷಕ್ಕೆ 2800 ಸುತ್ತು ತಿರುಗುವ ಒರಟು ಕಲ್ಲಿಗೆ ಇಷ್ಟು ತೆಳು ಪಟ್ಟಿ ಒತ್ತಿದರೆ ಕ್ಷಣದಲ್ಲಿ ಕಾದುಬಿಡುತ್ತೆ. ಅಂಚಿನಲ್ಲಿ ನೀಲಿ ಛಾಯೆ ಕಂಡಿತೋ, ಅಲ್ಲಿ ಸ್ಟೀಲಿನ ಹದ ಹೋಯಿತು ಅಂತಲೇ ಲೆಕ್ಕ. ಆಮೇಲೆ ಯಾರು ಎಷ್ಟೇ ಚೆನ್ನಾಗಿ ಹರಿತ ಮಾಡಿಕೊಟ್ಟರೂ ಆ ಜಾಗ ಅರ್ಧ ಗಂಟೆಗೆ ಮೊಂಡು.

ಹಾಗಾದರೆ ಟೂಲ್ ರೂಮಿನಲ್ಲಿ ಲೋಹವನ್ನು ಸಮತಟ್ಟಾಗಿ ಉಜ್ಜುವ ಯಂತ್ರ, ಸರ್ಫೇಸ್ ಗ್ರೈಂಡರ್? ತುಮಕೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಹುಡುಕಿದರೆ ಸಿಗುತ್ತೆ, ಪೀಣ್ಯದಲ್ಲಂತೂ ಕೇಳಲೇಬೇಡಿ. ಮೈಕ್ರಾನಿನಲ್ಲಿ ಮಾತಾಡುವ ಜನ, ತಂಪು ಮಾಡುವ ಕೂಲಂಟ್ ದ್ರವ ಹರಿಯುತ್ತಿರುತ್ತೆ, ಬಿಸಿಯ ಭಯವಿಲ್ಲ. ಉಜ್ಜುವ ಚಕ್ರವನ್ನು ಡೈಮಂಡಿನಿಂದ ಅರ್ಧ ಇಂಚು ತ್ರಿಜ್ಯಕ್ಕೆ ದುಂಡಗೆ ತಿದ್ದಿಕೊಡಿ ಅಂದರೆ ಅದನ್ನೂ ಮಾಡುತ್ತಾರೆ. ಕೇಳೋಕೆ ಬಲು ಚಂದ. ಆದರೆ ನನ್ನ ಬ್ಲೇಡು ಗುಜರಿಗೆ ಹೋಗಿದ್ದು ಇಲ್ಲಿಂದ, ಸಾಣೆ ಅಂಗಡಿಯಿಂದಲ್ಲ.

ಕಾರಣ ಬ್ಲೇಡಿನ ಬಾಗು. ಪಕ್ಕದಿಂದ ನೋಡಿದರೆ ಹಾಕಿ ಬ್ಲೇಡಿನ ತಳ ನೇರ ಇರಲ್ಲ, ಮರದ ಆಟದ ಕುದುರೆಯ ಕಾಲಿನ ಹಾಗೆ ಮುಂದೆ ಹಿಂದೆ ಮೇಲಕ್ಕೆ ಬಾಗಿರುತ್ತೆ. ಸಾಮಾನ್ಯವಾಗಿ 9ರಿಂದ 11 ಅಡಿ ತ್ರಿಜ್ಯ. ಹತ್ತು ಅಡಿ ಅಂತಿಟ್ಟುಕೊಳ್ಳಿ. ನಡುಮಧ್ಯದಿಂದ 10 ಸೆಂ.ಮೀ. ಆಚೆ ತಳ ಸುಮಾರು 1.6 ಮಿ.ಮೀ. ಮೇಲೆ ಎದ್ದಿರುತ್ತೆ. ಸರ್ಫೇಸ್ ಗ್ರೈಂಡರಿನ ಟೇಬಲ್ ಹೋಗೋದು ನೇರಕ್ಕೆ. ಚಕ್ರ ಮೊದಲು ನಡುಭಾಗವನ್ನೇ ತಿನ್ನುತ್ತೆ. ತುದಿಗಳಿಗೂ ತೋಡು ಬೀಳುವವರೆಗೆ ತೆಗೆದರೆ ಬಾಗು ಪೂರ್ತಿ ಮಾಯ. ನಡುವೆ ನಿಲ್ಲಿಸಿದರೆ ಮಧ್ಯ ಮಾತ್ರ ಹರಿತ, ಎರಡೂ ತುದಿ ಮೊಂಡು. ಬಾಗು ಕಳಕೊಂಡ ಬ್ಲೇಡಿನ ಮೇಲೆ ತಿರುಗೋದು ಅಂದರೆ ಹಳಿ ಮೇಲಿನ ರೈಲನ್ನು ತಿರುಗಿಸಿದ ಹಾಗೆ. ಕೆಲಸ ಎಷ್ಟು ಅಚ್ಚುಕಟ್ಟಾಗಿದೆಯೋ ನಷ್ಟವೂ ಅಷ್ಟೇ ಅಚ್ಚುಕಟ್ಟು. ಹೋದ ಬಾಗನ್ನು ಕೈಯಲ್ಲಿ ವಾಪಸ್ ತರೋಕಾಗಲ್ಲ.

ಜೇಬಿನಲ್ಲಿಡುವ ಎಳೆಯೋ ಶಾರ್ಪನರ್: ಆಟದ ನಡುವೆ ಅಂಚು ಮಡಚಿಕೊಂಡರೆ ನೆಟ್ಟಗೆ ಮಾಡೋಕೆ ಸರಿ, ತೋಡು ಹೊಸದಾಗಿ ತೆಗೆಯಲ್ಲ.

ಮನೆ ಮಷೀನು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಸ್ಕೇಟ್ ಸಿಕ್ಕಿಸಿ ಗುಂಡಿ ಒತ್ತಿದರೆ ಬಾಗನ್ನು ತಾನೇ ಅನುಸರಿಸಿಕೊಂಡು ಓಡುತ್ತೆ, ಬೇರೆ ಹಾಲೋ ಬೇಕಾದರೆ ಗ್ರೈಂಡಿಂಗ್ ರಿಂಗ್ ಬದಲಾಯಿಸಿದರಾಯಿತು. ಬೆಲೆ ಸುಮಾರು ಸಾವಿರ ಡಾಲರ್, ಕಸ್ಟಮ್ಸ್ ಬೇರೆ. ಅಮೆರಿಕದಿಂದ ತರಿಸುವವರು ನಮ್ಮ 230 ವೋಲ್ಟಿಗೆ ಅದು ಆಗುತ್ತೋ ಇಲ್ಲವೋ ಅಂತ ಮೊದಲು ನೋಡಬೇಕು. ಹತ್ತು ಹದಿನೈದು ಆಟಗಾರರ ಕ್ಲಬ್ಬಾದರೆ ಚಂದಾ ಎತ್ತಿ ತಗೊಳ್ಳಿ. ವರ್ಷಕ್ಕೆ ಆರೇಳು ಸಲ ಹರಿತ ಮಾಡುವ ಒಬ್ಬನ ಮನೆಯಲ್ಲಿ ಅದು ಅಟ್ಟದ ಸಾಮಾನು.

ಇನ್ನು ಕೈಕಲ್ಲು. ಬ್ಲೇಡಿನ ಎರಡೂ ಪಕ್ಕವನ್ನು ತಬ್ಬಿ ಹಿಡಿಯುವ ಒಂದು ಗೈಡು, ಅದರೊಳಗೆ ಅಡ್ಡಡ್ಡ ಅಲ್ಲದೆ ಬ್ಲೇಡಿನ ಉದ್ದಕ್ಕೇ ಮಲಗುವ ದುಂಡು ಕಲ್ಲು, ಇಷ್ಟೇ ಸಾಮಾನು. ಕಲ್ಲಿನ ವ್ಯಾಸ 25 ಮಿ.ಮೀ. ಇದ್ದರೆ ಅರ್ಧ ಇಂಚಿನ ಹಾಲೋ, 32 ಇದ್ದರೆ ಐದು ಬೈ ಎಂಟು, 38 ಇದ್ದರೆ ಮುಕ್ಕಾಲು ಇಂಚು. ಗೈಡು ತರಿಸಿಕೊಳ್ಳಬೇಕು. ಕಲ್ಲು ಸವೆದರೆ ಸಿಲಿಕಾನ್ ಕಾರ್ಬೈಡಿನ ದುಂಡು ಕಡ್ಡಿಯನ್ನು ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ ನೋಡಿ, ಅಲ್ಲಿಲ್ಲದಿದ್ದರೆ ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆ.

ಸ್ಟೀಲನ್ನು ಹೋಲ್ಡರಿನಿಂದ (ಬೂಟಿನ ತಳದಲ್ಲಿ ಬ್ಲೇಡು ಕೂರುವ ಚೌಕಟ್ಟು) ಬಿಚ್ಚಿ, ಎರಡು ಮರದ ಪಟ್ಟಿಗಳ ನಡುವೆ ಇಟ್ಟು ವೈಸಿಗೆ ತಲೆಕೆಳಗಾಗಿ ಬಿಗಿಯಿರಿ. ತಳಕ್ಕೆ ಉದ್ದಕ್ಕೂ ಮಾರ್ಕರ್ ಪೆನ್ನಿನ ಮಸಿ ಹಚ್ಚಿ. ಕಲ್ಲಿಗೆ ಒಂದೆರಡು ಹನಿ ಹೊಲಿಗೆ ಮಷೀನಿನ ಎಣ್ಣೆ. ತುದಿಯಿಂದ ಹಿಮ್ಮಡಿವರೆಗೆ ಒಂದೇ ಉಸಿರಿಗೆ, ಹಗುರ ಕೈಯಲ್ಲಿ ಎಳೆಯಿರಿ. ನಡುವೆ ನಿಂತರೆ ಅಲ್ಲೊಂದು ಗುಳಿ. ಹತ್ತು ಎಳೆತ ಆದಮೇಲೆ ಗೈಡನ್ನು ತಿರುವಿ ಹಿಂದುಮುಂದು ಮಾಡಿ ಮತ್ತೆ ಹತ್ತು. ಈ ತಿರುವೋದನ್ನು ಬಿಡಬೇಡಿ, ಕಲ್ಲು ಕೂದಲೆಳೆಯಷ್ಟು ಒಂದು ಕಡೆಗೆ ವಾಲಿದ್ದರೆ ಅದು ಕಳೆಯೋದು ಹೀಗೇ. ಅಂಚಿನ ಗೆರೆಯಲ್ಲಿ ಮಸಿ ಉಳಿದಿದೆ ಅಂದರೆ ಕೆಲಸ ಮುಗಿದಿಲ್ಲ. ಮಾಮೂಲಿ ಮೊಂಡಿಗೆ 20-40 ಎಳೆತ ಸಾಕು. ನೆಲದ ಕಲ್ಲಿಗೆ ತಾಗಿ ಅಂಚಿಗೆ ಕಚ್ಚು ಬಿದ್ದಿದ್ದರೆ ನೂರು ದಾಟುತ್ತೆ, ತೋಳು ನೋಯುತ್ತೆ. ಉಜ್ಜುವ ಕಲ್ಲನ್ನೂ ಆಗಾಗ ಸ್ವಲ್ಪ ಹೊರಳಿಸಿ, ಇಲ್ಲದಿದ್ದರೆ ಒಂದೇ ಮಗ್ಗುಲು ಸವೆದು ಚಪ್ಪಟೆಯಾಗಿ ತೋಡೂ ಚಪ್ಪಟೆಯಾಗುತ್ತೆ. ಕೊನೆಗೆ ನಯವಾದ ಚಪ್ಪಟೆ ಕಲ್ಲನ್ನು ಬ್ಲೇಡಿನ ಪಕ್ಕಕ್ಕೆ ಪೂರ್ತಿ ಒರಗಿಸಿ ಎರಡೇ ಸಲ ಎಳೆದರೆ ಅಂಚಿನಲ್ಲಿ ಎದ್ದ ಮುಳ್ಳು ಹೋಗುತ್ತೆ. ಓರೆ ಹಿಡಿದರೆ ಮಾಡಿದ ಹರಿತವೇ ಹೋಗುತ್ತೆ.

ಇದರ ಕಿರಿಕಿರಿ ಒಂದೇ, ಗೈಡಿನ ಸಡಿಲ. ಬ್ಲೇಡಿಗಿಂತ ಗೈಡು ಅಗಲವಾದರೆ ಒಂದು ಅಂಚು ಎತ್ತರ, ಒಂದು ಅಂಚು ತಗ್ಗು. ಐಸಿನ ಮೇಲೆ ಎಡಕ್ಕೆ ಸಲೀಸಾಗಿ ತಿರುಗಿ ಬಲಕ್ಕೆ ಜಾರಿಬೀಳುವವರು ಮೊದಲು ಇದನ್ನು ನೋಡಬೇಕು. ಹದಿನೈದು ಸೆಂ.ಮೀ. ಸ್ಟೀಲ್ ಸ್ಕೇಲನ್ನು ಎರಡು ಅಂಚಿನ ಮೇಲೆ ಅಡ್ಡ ಇಟ್ಟು, ಬ್ಲೇಡಿನ ಪಕ್ಕಕ್ಕೆ ಬಡಗಿಯ ಮೂಲೆಮಟ್ಟ ಹಿಡಿಯಿರಿ. ಅಂಚುಗಳ ನಡುವೆ ಬರೀ 0.05 ಮಿ.ಮೀ. ವ್ಯತ್ಯಾಸ ಇದ್ದರೂ ಸ್ಕೇಲಿನ ತುದಿ 1.3 ಮಿ.ಮೀ. ವಾಲಿರುತ್ತೆ, ಕಣ್ಣಿಗೆ ಚೆನ್ನಾಗಿ ಕಾಣುತ್ತೆ. ಪರಿಹಾರಕ್ಕೆ ದುಡ್ಡು ಬೇಡ, ಗೈಡಿನ ಒಳಗೋಡೆಗೆ ಒಂದು ಪದರ ಸೆಲೋಟೇಪು ಅಂಟಿಸಿ. ಸಾಲದಿದ್ದರೆ ಇನ್ನೊಂದು ಪದರ. ಆಮೇಲೆ ಹೆಬ್ಬೆರಳಿನ ಉಗುರನ್ನು ಎರಡೂ ಅಂಚಿಗೆ ಅಡ್ಡ ಎಳೆದು ನೋಡಿ, ಎರಡೂ ಕಡೆ ಒಂದೇ ಸಮ ಉಗುರಿನ ಪುಡಿ ಬರಬೇಕು.

ಸ್ಪೇರ್ ಸ್ಟೀಲು ಯಾಕೆ ಅಂದರೆ, ಲೇಹ್‌ನ ಬಯಲು ಐಸಿನ ಮೇಲೆ ಗಾಳಿಗೆ ಮರಳು ಹಾರಿ ಬಂದು ಕೂತಿರುತ್ತೆ. ಒಂದೇ ಆಟಕ್ಕೆ ಅಂಚು ಮುಗಿಯಬಹುದು. ಮರಗಟ್ಟಿದ ಕೈಯಲ್ಲಿ ಅಲ್ಲಿ ಕಲ್ಲು ಉಜ್ಜುವ ಬದಲು ಊರಲ್ಲೇ ಸಿದ್ಧ ಮಾಡಿಕೊಂಡ ಜೋಡಿಯನ್ನು ಸಿಕ್ಕಿಸೋದು ಮೇಲು. ಬಾವರ್ ಕಂಪನಿಯ ಟೂಕ್ ಎಡ್ಜ್ ಹೋಲ್ಡರಿನಲ್ಲಿ ಟ್ರಿಗರ್ ಎಳೆದರೆ ಸ್ಟೀಲು ಕೈಗೆ ಬರುತ್ತೆ, ಹಳೇ ಎಲ್‌ಎಸ್-2ನಲ್ಲಿ ಬೋಲ್ಟ್ ಬಿಚ್ಚಬೇಕು. ಒಂದರ ಸ್ಟೀಲು ಇನ್ನೊಂದಕ್ಕೆ ಕೂರಲ್ಲ. ಆರ್ಡರ್ ಮಾಡುವಾಗ ಶೂ ಸೈಜಲ್ಲ, ಹೋಲ್ಡರಿನ ಮೇಲೆ ಅಚ್ಚಾಗಿರುವ 263, 272, 280 ಥರದ ಸಂಖ್ಯೆ ಕೊಡಿ.

ಹಾಲೋ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮೈ ಹಗುರ, ಐಸ್ ಗಟ್ಟಿ ಅಂದರೆ ಅರ್ಧ ಇಂಚು. ಮೈ ಭಾರ, ಐಸ್ ಮೆತ್ತಗೆ ಅಂದರೆ ಐದು ಬೈ ಎಂಟು.

ಅಂಚು ಸರಿಯಿದ್ದೂ ಕಾಲು ನಿಲ್ಲುತ್ತಿಲ್ಲ ಅಂದರೆ ಬ್ಲೇಡನ್ನು ಬೈಯಬೇಡಿ, ಬೂಟು ದೊಡ್ಡದಾಗಿರಬಹುದು. ಹಾಕಿ ಸ್ಕೇಟು ಮಾಮೂಲಿ ಶೂಗಿಂತ ಒಂದರಿಂದ ಒಂದೂವರೆ ಸೈಜು ಚಿಕ್ಕದಿರಬೇಕು. ನೆಟ್ಟಗೆ ನಿಂತಾಗ ಬೆರಳು ಮುಂದೆ ಸವರಬೇಕು, ಮಂಡಿ ಬಗ್ಗಿಸಿದಾಗ ಬಿಡಬೇಕು. "ಬೆಳೆಯೋ ಮಗು, ಎರಡು ಸೈಜು ದೊಡ್ಡದೇ ಇರಲಿ" ಅನ್ನುವ ಲೆಕ್ಕ ಯೂನಿಫಾರ್ಮಿಗೆ ಸರಿ, ಇಲ್ಲಿ ಹಿಮ್ಮಡಿ ಏಳುತ್ತೆ, ಪಾದ ವಾಲುತ್ತೆ.

ಖರ್ಚು ನೋಡಿದರೆ ಸ್ಪೇರ್ ಸ್ಟೀಲು ಆರೇಳು ಸಾವಿರದಿಂದ ಶುರು, ಕೈಕಲ್ಲಿನ ಸೆಟ್ಟು ಅದಕ್ಕಿಂತ ಕಡಿಮೆ. ಎರಡೂ ಸೇರಿ ಮಷೀನಿನ ಕಾಲು ಭಾಗವೂ ಆಗಲ್ಲ. ಒಂದು ಜೋಡಿಗೆ ಮುಕ್ಕಾಲು ಗಂಟೆ ಹಿಡಿಯುತ್ತೆ ಅನ್ನೋದು ನಿಜ. ಭಾನುವಾರ ಬೆಳಿಗ್ಗೆ ಕೂತು ಉಜ್ಜುವ ತಾಳ್ಮೆ ಇಲ್ಲದವರು ಕ್ಲಬ್ಬಿನ ಮಷೀನಿಗೇ ಕಾಯಲಿ.

ಆಟ ಆದಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಬಟ್ಟೆಯ ಗವಸು ಹಾಕಿಡಿ. ಪ್ಲಾಸ್ಟಿಕ್ ಗಾರ್ಡು ನಡೆದಾಡೋಕೆ ಮಾತ್ರ, ಅದರೊಳಗೆ ನೀರು ನಿಂತು ಸ್ಟೀಲಿಗೆ ತುಕ್ಕು ಹಿಡಿಯುತ್ತೆ. ಮಳೆಗಾಲಕ್ಕೆ ಎತ್ತಿಡುವಾಗ ಹೊಲಿಗೆ ಮಷೀನಿನ ಎಣ್ಣೆಯನ್ನೇ ತೆಳುವಾಗಿ ಸವರಿ. ತಿಪಟೂರಿನ ಕೊಬ್ಬರಿ ಎಣ್ಣೆ ಎಷ್ಟೇ ಚೊಕ್ಕವಿರಲಿ, ಬ್ಲೇಡಿಗೆ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತೆ, ಲೇಹ್‌ನಲ್ಲಿ ಬ್ಯಾಗ್ ಬಿಚ್ಚಿದಾಗ ಮೊದಲ ಕೆಲಸ ಮೇಣ ಕೆರೆಯೋದಾಗುತ್ತೆ.